ಕೊಲಂಬೊದಿಂದ ಅಂಗೈಗೆ

ಗುಂಯ್ ಅನ್ನುತ್ತಿರುವುದು ವಿಮಾನವೋ, ಅಂಜಿನಯ್ಯನ ಹಿಟ್ಟಿನ ಗಿರಣಿಯೋ — ಜಗಲಿಯ ಮೇಲೆ ಕೂತ ಜಗದಾಂಬಾ ಕತ್ತೆತ್ತಿದಳು, ಗಿರಣಿಯೇ, ರಾಗಿಯ ಘಮ ಬಂತು, ವಿಮಾನ ಇನ್ನೆಲ್ಲಿ, ಈಗಷ್ಟೇ ಮದ್ರಾಸು ಬಿಟ್ಟಿರಬೇಕು, ಅದರೊಳಗೆ ಯಾರದೋ ತೊಡೆಯ ಮೇಲೆ ಒಂದು ಫ್ಲಾಸ್ಕು, ಫ್ಲಾಸ್ಕಿನೊಳಗೆ ಮಂಜುಗಡ್ಡೆ, ಮಂಜುಗಡ್ಡೆಯ ನಡುವೆ ಕಣ್ಣು, ಅವಳಿಗೆ ಹಾಕುವ ಕಣ್ಣು. ಕೊಲಂಬೊದಿಂದ ಮದ್ರಾಸಿಗೆ ನಾನೂರು ಚಿಲ್ಲರೆ ಮೈಲಿ, ಒಂದೂಕಾಲು ಗಂಟೆ, ಅಲ್ಲಿಂದ ಇಲ್ಲಿಗೆ ಮುಕ್ಕಾಲು ಗಂಟೆ ಕಣ್ರೀ, ಎಂದು ಲೆಕ್ಕ ಹೇಳಿದ್ದು ಪಕ್ಕದ ಮನೆಯ ವತ್ಸಲಾ ಮೇಡಂ, ಭೂಗೋಳ ಪಾಠ ಮಾಡುವವರು, ಅವರ ಮನೆಯ ಫೋನಿಗೇ ಜಂಬಣ್ಣ ಏರ್‌ಪೋರ್ಟಿನಿಂದ ಸುದ್ದಿ ಮುಟ್ಟಿಸಬೇಕು, ಪಾಪ ಅವಳ ಗಂಡ, ಫ್ಯಾಕ್ಟರಿಗೆ ರಜ ಹಾಕಿ ಹೋದವನು, ಸಮುದ್ರ ದಾಟೋಕೆ ಒಂದೂಕಾಲು ಗಂಟೆಯಂತೆ, ರಾಜಾಜಿನಗರದಿಂದ ಏರ್‌ಪೋರ್ಟಿಗೆ ಬಸ್ಸು ಬದಲಾಯಿಸಿಕೊಂಡು ಎರಡು ಗಂಟೆ ಕಣೇ, ಎಂದು ನಗುತ್ತಲೇ ಹೊರಟಿದ್ದ, ನಗು ಕೇಳಿಸಿತು, ಮುಖ ಕಾಣಲಿಲ್ಲ — ಎರಡೂ ಕಣ್ಣು ಹುಣ್ಣಾಗಿ ಬಿಳಿ ಪೊರೆ ಮುಚ್ಚಿದ ಮೇಲೆ ಎಲ್ಲರ ಮುಖವೂ ಹೊಗೆ. ಮುಖ ಹೋದರೆ ಹೋಗಲಿ, ದಿನಾ ಮಿಂದು ಎಡಗೈಯ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ದಿಟ್ಟಿಸುತ್ತಾಳಲ್ಲ, ಅಲ್ಲೂ ಹೊಗೆಯೇ, ಭಾರ ತಿಳಿಯುತ್ತದೆ, ತಣ್ಣಗಿರುವುದು ತಿಳಿಯುತ್ತದೆ, ಕಾಣುವುದಿಲ್ಲ, ಒಂದೇ ಒಂದು ಸಲ ಕಂಡರೆ ಸಾಕಪ್ಪಾ, ಇನ್ನೇನೂ ಕೇಳುವುದಿಲ್ಲ.

ಅತ್ತೆಯ ತಕರಾರೂ ಅಲ್ಲೇ. ಯಾರ ಕಣ್ಣೋ, ಯಾವ ಮತದವರದೋ, ದೀಕ್ಷೆ ಇಲ್ಲದ ಕಣ್ಣಿಂದ ಲಿಂಗ ನೋಡ್ತೀಯೇನೇ — ಡಾಕ್ಟರು ಹೆಸರು ಬರೆದುಕೊಂಡ ದಿನದಿಂದ ಕಲ್ಯಾಣಮ್ಮನ ಗೊಣಗಾಟ, ಇವಳಿಗೂ ಒಳಗೊಳಗೇ ಅಳುಕು, ಇವತ್ತು ಬೆಳಿಗ್ಗೆ ಡಾಕ್ಟರ ಫೋನು, ಕೊಲಂಬೊದಿಂದ ಟ್ರಂಕ್‌ಕಾಲ್ ಬಂತಮ್ಮ, ಅಲ್ಲೊಬ್ಬರು ನಿನ್ನೆ ತೀರಿಕೊಂಡ್ರು, ಮನೆಯವರು ಕಣ್ಣು ಕೊಟ್ಟಿದ್ದಾರೆ, ಹೆಸರು ಹೇಳೋ ಹಾಗಿಲ್ಲ, ವಿಮಾನ ಇಳಿದ ಕೂಡಲೇ ಆಸ್ಪತ್ರೆಗೆ ಬರೋಕೆ ರೆಡಿಯಾಗಿರಿ. ಸುದ್ದಿ ಕೇಳಿ ಅತ್ತೆಯ ದನಿಯೇ ಬೇರೆ, ಹೆಣ ಇನ್ನೂ ಮನೇಲೇ ಇರುತ್ತಲ್ಲೇ, ಆ ಅಳುವಿನಲ್ಲೂ ಬೇರೆಯವರ ನೆನಪಾಯ್ತಲ್ಲೇ ಅವರಿಗೆ, ಎದ್ದು ಬಂದು ಇವಳ ಹಣೆಗೆ ವಿಭೂತಿ ಎಳೆದಳು, ಬೆರಳು ಹೊಸ ಕಣ್ಣು ಹಾಕಲಿರುವ ಬಲಗಣ್ಣಿನತ್ತ ಸರಿಯಿತು, ಅತ್ತೆ, ಕಣ್ಣಿಗೆ ಏನೂ ಹಚ್ಚಬೇಡಿ ಅಂದಿದ್ದಾರೆ ಡಾಕ್ಟರು, ಗೊತ್ತು ಕಣೇ, ಹುಬ್ಬಿನ ಮೇಲಷ್ಟೇ, ಇದು ನಿನಗಲ್ಲ, ಬರ್ತಿರೋರಿಗೆ, ದೀಕ್ಷೆ ಆಯ್ತು, ಇನ್ನು ಧಾರಾಳವಾಗಿ ನೋಡು.

ಆ ವಿಭೂತಿ ಹುಬ್ಬಿನ ಮೇಲೆ ಒಣಗಿ ಬಿಗಿಯುತ್ತಿದೆ, ಅಲ್ಲಿ ಅಳುತ್ತಿರುವವರು, ವಿಮಾನ ಓಡಿಸುವವರು, ಫ್ಲಾಸ್ಕು ಹಿಡಿದು ಕೂತವರು, ಹಟ ಬಿಟ್ಟ ಈ ಅತ್ತೆ, ಯಾರಿಗೆ ಅಂತ ಕೈ ಮುಗಿಯಲಿ, ಎಲ್ಲರ ಹೊಟ್ಟೆ ತಣ್ಣಗಿರಲಿ, ಮಂಜು ಮಾತ್ರ ಕರಗದಿರಲಿ ಶಿವನೇ — ಫೋನು ಹೊಡೆದುಕೊಂಡಿತು, ಎದೆಯೂ, ಕಾಂಪೌಂಡಿನಾಚೆಯಿಂದ ವತ್ಸಲಾ ಮೇಡಂ ಕೂಗು, ಬಂತು ಕಣ್ರೀ, ವಿಮಾನ ಇಳೀತಂತೆ, ಅತ್ತೆ ಚೀಲ ಎತ್ತಿಕೊಂಡಳು, ಏಳೇ, ಏಳೇ. ಜಗದಾಂಬಾ ಏಳಲಿಲ್ಲ, ತನಗೆ ತಿಳಿಯದೆ ಎಡಗೈ ಬಿಚ್ಚಿತ್ತು, ಪೂಜೆಗೆ ಕೂತ ಹಾಗೆ ಅದನ್ನೇ ದಿಟ್ಟಿಸಿದಳು, ಲಿಂಗ ನೆನೆದರೆ ಲಿಂಗ ಬರಲೊಲ್ಲದು, ಹೊಗೆಯ ನಡುವೆ, ಅಂಗೈ ಮೇಲೆ, ನಿಚ್ಚಳವಾಗಿ, ಫ್ಲಾಸ್ಕು.