ದೋಷ ಕಂಡುಬಂದಿಲ್ಲ

ಮೂರನೆಯ ಕಲ್ಲೂ ಟೊಳ್ಳು.

ಅವನು ಮತ್ತೊಮ್ಮೆ ಕುಟ್ಟಿದ. ತುದಿಯಲ್ಲಿ ಗುಂಡಿರುವ ಕಬ್ಬಿಣದ ಕಡ್ಡಿ ಠಕ್ ಎನ್ನಬೇಕಾದ ಕಡೆ ಡಬ್ ಎಂದಿತು. ಜೇಬಿನಿಂದ ಸೀಮೆಸುಣ್ಣ ತೆಗೆದು, ಕನ್ನಡಿಯಂತೆ ಹೊಳೆಯುವ ಆ ಅಮೃತಶಿಲೆಯ ಮೇಲೆ ಪುಟ್ಟದೊಂದು ಇಂಟು ಗುರುತು ಹಾಕಿದ.

"ಅಯ್ಯೋ ಸಾರ್, ಹಡಗಲ್ಲಿ ಬಂದ ಕಲ್ಲು ಅದು," ಎಂದ ಹಿಂದೆಯೇ ಬರುತ್ತಿದ್ದ ಬ್ರೋಕರ್. ಗುರುತು ಅವನ ಹಣೆಗೇ ಹಾಕಿದಂತಿತ್ತು ಮುಖ.

"ಕಲ್ಲು ಹಡಗಲ್ಲಿ ಬಂದಿರಬಹುದು. ಕೆಳಗಿರೋ ಗಾಳಿ ಇಲ್ಲಿಯದೇ."

ಗಂಟೆ ಹತ್ತೂಕಾಲು. ನಾಲ್ಕಕ್ಕೆ ಇನ್ನೂ ಬೇಕಾದಷ್ಟು ಹೊತ್ತಿದೆ ಅಂದುಕೊಂಡ. ಬೆಳಗಿನಿಂದ ಇದು ಐದನೆಯ ಸಲ ಹಾಗೆ ಅಂದುಕೊಳ್ಳುತ್ತಿರುವುದು.

ಮನೆ ಕೊಳ್ಳುವವರ ಪರವಾಗಿ ಮನೆ ನೋಡುವುದು ಅವನ ಕೆಲಸ. ಸಣ್ಣಪುಟ್ಟ ಮನೆಯಲ್ಲ; ಏಳು ಬಚ್ಚಲು, ಒಂದು ಲಿಫ್ಟು, ಈಜುಕೊಳ, ಸಿನಿಮಾ ನೋಡುವ ಕೋಣೆ ಇರುವಂಥದ್ದು. ಎಂಜಿನಿಯರಿಂಗ್ ಓದಿ, ಕಟ್ಟುವ ಕೆಲಸ ಕೈಹತ್ತದೆ, ಬೇರೆಯವರು ಕಟ್ಟಿದ್ದರಲ್ಲಿ ತಪ್ಪು ಹುಡುಕುವ ಕೆಲಸಕ್ಕೆ ಬಂದು ಇಪ್ಪತ್ತೊಂದು ವರ್ಷ. ಅದರಲ್ಲಿ ಮಾತ್ರ ಎತ್ತಿದ ಕೈ. ಆಫೀಸಿನಲ್ಲಿ ಬೆನ್ನ ಹಿಂದೆ ಅವನನ್ನು ಠಕ್‌ಠಕ್ ಅನ್ನುತ್ತಿದ್ದರು. ಎದುರಿಗೂ ಒಮ್ಮೊಮ್ಮೆ ಬಾಯಿತಪ್ಪಿ ಅಂದುಬಿಡುತ್ತಿದ್ದರು.

ಅವನ ಕೈಯಲ್ಲಿದ್ದ ಫಾರಮ್ಮಿನಲ್ಲಿ ಎರಡೇ ಸಾಲು: ಜಾಗ, ದೋಷ. ಎಲ್ಲ ಸರಿಯಿದ್ದರೆ 'ದೋಷ ಕಂಡುಬಂದಿಲ್ಲ' ಎಂದು ಬರೆಯಬೇಕು. ಚೆನ್ನಾಗಿದೆ ಎಂದು ಬರೆಯಲು ಜಾಗವಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಅದು ಬೇಕೆಂದು ಅವನಿಗೂ ಅನ್ನಿಸಿರಲಿಲ್ಲ.

ಬೆಳಿಗ್ಗೆ ಏಳಕ್ಕೆ ಹೆಂಡತಿಯ ಫೋನ್ ಬಂದಿತ್ತು. ಅವಳು ಅಕ್ಕನ ಮನೆಗೆ ಹೋಗಿ ಇಂದಿಗೆ ಇಪ್ಪತ್ತಮೂರು ದಿನ. ನಾಲ್ಕು ದಿನ ಇದ್ದು ಬರುತ್ತೇನೆ ಅಂದಿದ್ದವಳು. ಜಗಳ ಆಗಿರಲಿಲ್ಲ. ಆಗಿದ್ದರೆ ಎಷ್ಟೋ ಸುಲಭವಿತ್ತು.

"ಇಲ್ಲಿಯ ಶಾಲೆಯೋರು ಕೆಲಸ ಕೊಡ್ತೀವಿ ಅಂತಿದ್ದಾರೆ. ಇರೋಕೆ ಮನೆನೂ ಕೊಡ್ತಾರಂತೆ," ಅಂದಳು. "ಸಾಯಂಕಾಲ ಐದಕ್ಕೆ ಅವರಿಗೆ ಹೇಳ್ಬೇಕು."

"ಹೂಂ."

"ಹೂಂ ಅಂದ್ರೆ? ನಾಲ್ಕಕ್ಕೆ ಮತ್ತೆ ಫೋನ್ ಮಾಡ್ತೀನಿ. ವಾಪಸ್ ಬಾ ಅನ್ನಿ, ಬರ್ತೀನಿ. ಆದ್ರೆ ಯಾಕೆ ಅಂತಲೂ ಹೇಳ್ಬೇಕು. ಒಂದೇ ಒಂದು ಕಾರಣ ಸಾಕು ರೀ."

"ಇವತ್ತು ದೊಡ್ಡ ಮನೆ ಇದೆ..."

"ನಾಲ್ಕಕ್ಕೆ. ಎತ್ತಲಿಲ್ಲ ಅಂದ್ರೆ ಅದೇ ಉತ್ತರ ಅಂದ್ಕೊಳ್ತೀನಿ." ಇಟ್ಟುಬಿಟ್ಟಳು.

ಹತ್ತೊಂಬತ್ತು ವರ್ಷ ಸಂಸಾರ ಮಾಡಿದವಳಿಗೆ ಈಗ ಕಾರಣ ಬೇಕಂತೆ! ಅವನಿಗೆ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಹೆದರಿಕೆಯಾಯಿತು. ಬಾ ಅನ್ನುವುದೇನೋ ಸರಿ. ಯಾಕೆ ಅಂದರೆ ಏನು ಹೇಳುವುದು?

ಅಡುಗೆಮನೆಗೆ ಬಂದ. ಇಲ್ಲಿ ಯಾರೂ ಒಂದು ಲೋಟ ನೀರನ್ನೂ ಕಾಯಿಸಿದಂತಿರಲಿಲ್ಲ. ಕಪಾಟುಗಳ ಬಾಗಿಲನ್ನು ಒಂದೊಂದಾಗಿ ತೆರೆದು ಬಿಟ್ಟ. ಎಲ್ಲವೂ ಸದ್ದಿಲ್ಲದೆ ತಾವಾಗಿಯೇ ಮುಚ್ಚಿಕೊಂಡವು. ಸಿಂಕಿನ ಕೆಳಗೆ ತಲೆ ತೂರಿಸಿ ಬೆರಳಾಡಿಸಿದ. ತೇವವಿಲ್ಲ. ಪೂರ್ವದ ಕಿಟಕಿಯಿಂದ ಬಿಸಿಲು ಬಂದು ಕಟ್ಟೆಯ ಮೇಲೆ ಉದ್ದಕ್ಕೂ ಬಿದ್ದಿತ್ತು. ಅಂಗೈಯನ್ನು ಆ ಬಿಸಿಲಲ್ಲಿ ಇಟ್ಟ. ಬೆಚ್ಚಗಿತ್ತು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು ನಿಂತವನು, ಬ್ರೋಕರ್ ನೋಡುತ್ತಿದ್ದಾನೆಂದು ತಿಳಿದು ಕೈ ತೆಗೆದ. 'ದೋಷ ಕಂಡುಬಂದಿಲ್ಲ' ಎಂದು ಬರೆದ.

ಮದುವೆಯಾದ ಹೊಸತರಲ್ಲಿ ಹೆಂಡತಿ ಮನೆಯನ್ನೆಲ್ಲ ಜೋಡಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಹ್ಯಾಗಿದೆ?" ಅಂದಿದ್ದಳು. ಅವನು ಸುತ್ತ ನೋಡಿ, "ಆ ಮೊಳೆ ಸೊಟ್ಟ ಇದೆ," ಅಂದಿದ್ದ. ನಿಜಕ್ಕೂ ಸೊಟ್ಟಗೇ ಇತ್ತು. ಉಳಿದದ್ದರ ಬಗ್ಗೆ ಏನೂ ಹೇಳಲಿಲ್ಲ ಅಂದಮೇಲೆ ಉಳಿದದ್ದೆಲ್ಲ ಚೆನ್ನಾಗಿದೆ ಅಂತ ತಾನೆ? ಅದನ್ನೂ ಬಿಡಿಸಿ ಹೇಳಬೇಕೆ? ಹೋದ ವರ್ಷ ಅವಳ ಅಕ್ಕ ಹೊಸ ಮನೆ ಕಟ್ಟಿಸಿ ಊಟಕ್ಕೆ ಕರೆದಾಗ, ನೆಂಟರೆಲ್ಲ ಎಲೆ ಮುಂದೆ ಕೂತಿರುವಾಗ, ಅವನು ಹಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಚಮಚದಿಂದ ನೆಲ ಕುಟ್ಟಿ ನಾಲ್ಕು ಕಡೆ ಸೀಮೆಸುಣ್ಣದ ಗುರುತು ಹಾಕಿದ್ದ. ಉಪಕಾರವೆಂದೇ ಮಾಡಿದ್ದು. ವಾಪಸು ಬರುವಾಗ ಕಾರಿನಲ್ಲಿ ಅವಳು, "ನನ್ನನ್ನೂ ಹೀಗೇ ಕುಟ್ಟಿ ಕುಟ್ಟಿ ನೋಡಿ ಮುಗಿಸಿದ್ರಿ. ನಾನೇನು ನಿಮ್ಮ ಆಫೀಸಿನ ಫಾರಮ್ಮಾ?" ಎಂದು ಅತ್ತಿದ್ದಳು. ಅವನು ಕಾರಿನ ಬ್ರೇಕಿನಿಂದ ಏನೋ ಕಿರ್ ಅನ್ನುತ್ತಿದೆಯಲ್ಲ ಎಂದು ಕಿವಿಗೊಟ್ಟಿದ್ದ.

ಮಹಡಿಯ ಬಚ್ಚಲುಗಳಲ್ಲಿ ಹನ್ನೆರಡೂವರೆಯಾಯಿತು. ಒಂದೊಂದರಲ್ಲೂ ಗೋಲಿ ಬಿಟ್ಟು ನೋಡಿದ. ನೆಲದ ಇಳಿಜಾರು ಸರಿಯಿದ್ದರೆ ಗೋಲಿ ತಾನಾಗಿ ನೀರು ಹೋಗುವ ಜಾಲರಿಗೆ ಉರುಳಬೇಕು. ಐದನೆಯ ಬಚ್ಚಲಿನಲ್ಲಿ ಗೋಲಿ ನಡುವೆಯೇ ನಿಂತುಬಿಟ್ಟಿತು. ಕಾಲಿನಿಂದ ನೂಕಿದ. ಹೋದಂತೆ ಮಾಡಿ ಅಲ್ಲಿಗೇ ವಾಪಸು ಬಂತು.

"ಗೋಲಿದೇ ತಪ್ಪಿರಬಹುದು ಸಾರ್," ಎಂದ ಬ್ರೋಕರ್.

ಅವನಿಗೆ ನಗು ಬರಲಿಲ್ಲ. ಕಾರಣಗಳನ್ನು ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ಕುಟ್ಟಿ ನೋಡುತ್ತಿದ್ದ. ಮನೆ ಖಾಲಿ ಖಾಲಿ ಅನ್ನಿಸುತ್ತೆ: ಟೊಳ್ಳು, ಎಲ್ಲರೂ ಹೇಳುವಂಥದ್ದು. ಊಟಕ್ಕೆ ತೊಂದರೆ: ಇದನ್ನು ಹೇಳಿದರೆ ಉಗಿಯುತ್ತಾಳೆ. ಬೆಳಿಗ್ಗೆ ಕಾಫಿಗೆ ಇವತ್ತಿಗೂ ಎರಡು ಲೋಟ ತೆಗೆದು, ಆಮೇಲೆ ಒಂದನ್ನು ವಾಪಸ್ ಇಡ್ತೀನಿ. ಇದು ನಿಜ. ಇಪ್ಪತ್ತಮೂರು ದಿನವೂ ಹಾಗೇ ಆಗಿದೆ. ಆದರೆ ಇದು ಮರೆವು, ಕಾರಣ ಹೇಗಾದೀತು? ಹತ್ತೊಂಬತ್ತು ವರ್ಷದ ಹೆಂಡತಿಗೆ ಲೋಟದ ಕತೆ ಹೇಳುವುದೆ? ಛೆ. ಅದನ್ನೂ ಹೊಡೆದುಹಾಕಿದ.

ಎರಡು ಗಂಟೆಗೆ ಮನೆ ಕೊಳ್ಳಲಿದ್ದ ಮೇಡಂ ಬಂದರು. ಕಣ್ಣಿನ ಡಾಕ್ಟರು. ಆಸ್ಪತ್ರೆಯಿಂದ ನೇರವಾಗಿ ಬಂದಿದ್ದರು. ಮುಖದಲ್ಲಿ ದಣಿವು ಕಾಣುತ್ತಿತ್ತು. ಹಾಲಿಗೆ ಕಾಲಿಟ್ಟವರೇ ಇಂಟು ಗುರುತುಗಳನ್ನು ನೋಡಿ ಗಕ್ಕನೆ ನಿಂತರು.

"ಇಷ್ಟೊಂದಾ?"

"ನಲವತ್ತಮೂರು ಕಲ್ಲು. ಐದನೇ ಬಚ್ಚಲಲ್ಲಿ ನೀರು ನಿಲ್ಲುತ್ತೆ. ಲಿಫ್ಟು ಎರಡನೇ ಮಹಡಿಯಲ್ಲಿ ಅರ್ಧ ಇಂಚು ಕೆಳಗೆ ನಿಲ್ಲುತ್ತೆ. ಈಜುಕೊಳದ ಹಿಂದಿನ ಗೋಡೆಯಲ್ಲಿ ತೇವ ಇದೆ."

ಅವರು ಚೀಲವನ್ನು ಇಳಿಸಿ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಈ ಮನೇಲಿ ಒಳ್ಳೇದು ಏನೂ ಇಲ್ವಾ?"

ಅಂಗೈಗೆ ಬಿಸಿಲಿನ ನೆನಪು ಬಂತು. ನಾಲಿಗೆಯ ತುದಿಯವರೆಗೂ ಬಂತು. "ಅದು ಫಾರಮ್ಮಲ್ಲಿ ಬರಲ್ಲ ಮೇಡಂ," ಎಂದ.

"ಫಾರಮ್ ಬಿಡಿ. ನಿಮ್ಮನ್ನ ಕೇಳ್ತಿದೀನಿ."

"ನಾವು ಅದನ್ನ ನೋಡಲ್ಲ."

ಅವರು ಅವನನ್ನೇ ನೋಡಿದರು. ಕೋಪವೇನೂ ಇರಲಿಲ್ಲ. "ನಾನೂ ದಿನಕ್ಕೆ ಎಂಬತ್ತು ಕಣ್ಣು ನೋಡ್ತೀನಿ. ಸರಿಯಿದ್ರೆ, ಸರಿಯಿದೆ ಹೋಗಿ ಬನ್ನಿ ಅಂತ ಬಾಯಿಬಿಟ್ಟು ಹೇಳ್ತೀನಿ. ಪಾಪ, ಎಷ್ಟೋ ಜನ ಅದೊಂದು ಮಾತು ಕೇಳೋಕೇ ಬಂದಿರ್ತಾರೆ." ಎದ್ದು ಸೀರೆ ಕೊಡವಿಕೊಂಡರು. "ವರದಿ ಕಳಿಸಿ. ನೋಡೋಣ."

ಅವರ ಕಾರು ಹೋದ ಮೇಲೂ ಅವನು ಬಾಗಿಲಲ್ಲೇ ನಿಂತಿದ್ದ. ಬಿಸಿಲು ಚೆನ್ನಾಗಿದೆ ಅನ್ನಲು ಎಷ್ಟು ಹೊತ್ತು ಬೇಕಿತ್ತು? ಯಾಕೆ ಬಾಯಿ ಬರಲಿಲ್ಲ? ಸಾಕಾಗಿಹೋಗಿದೆ ಅನ್ನಿಸಿತು. ಎಲ್ಲಾದರೂ ಮಲಗಿಬಿಡಬೇಕು ಅನ್ನಿಸಿತು. ಮನೆಯಲ್ಲಿ ಆರು ಮಲಗುವ ಕೋಣೆಗಳಿದ್ದವು, ಮಂಚ ಒಂದರಲ್ಲೂ ಇರಲಿಲ್ಲ.

ಮೂರೂ ನಲವತ್ತಕ್ಕೆ ಉಳಿದದ್ದು ನೆಲಮಾಳಿಗೆಯ ಸಿನಿಮಾ ಕೋಣೆ ಒಂದೇ. ಸಾಮಾನ್ಯವಾಗಿ ಅವನು ಅದನ್ನೇ ಮೊದಲು ಮುಗಿಸುವುದು. ಇವತ್ತು ಯಾಕೋ ಕೊನೆಗೆ ಉಳಿಯಿತು.

ಇಲ್ಲಿ ನೋಡಬೇಕಾದದ್ದು ಒಂದೇ: ಒಳಗಿನ ಸದ್ದು ಹೊರಗೆ ಬರಬಾರದು. ಒಳಗೆ ಜೋರಾಗಿ ಏನಾದರೂ ಬಾರಿಸಲು ಇಟ್ಟು, ಬಾಗಿಲು ಮುಚ್ಚಿ, ಹೊರಗೆ ಹತ್ತು ನಿಮಿಷ ಕಿವಿಗೊಟ್ಟು ನಿಲ್ಲಬೇಕು. ಅದಕ್ಕೆಂದೇ ಅವನ ಚೀಲದಲ್ಲಿ ಒಂದು ಪುಟ್ಟ ರೇಡಿಯೋ ಇತ್ತು. ತೆಗೆದ. ಬ್ಯಾಟರಿ ಸೋತಿರಬಹುದು ಅಂದುಕೊಂಡ. ಹೋದ ವಾರವಷ್ಟೇ ಹೊಸ ಬ್ಯಾಟರಿ ಹಾಕಿದ್ದ. ಮತ್ತೆ ಚೀಲಕ್ಕೆ ಸೇರಿಸಿದ.

"ನನ್ನ ಫೋನ್ ಇಡ್ಲಾ ಸಾರ್? ಹಾಡು ಹಾಕ್ತೀನಿ," ಎಂದ ಬ್ರೋಕರ್.

"ಬೇಡ. ನಂದು ಜೋರಾಗಿದೆ."

ಫೋನಿನ ಸದ್ದನ್ನು ಪೂರ್ತಿ ಏರಿಸಿದ. ಅಲಾರಂ ಬಾರಿಸಲು ಹಚ್ಚಿ ನಡುವಿನ ಕುರ್ಚಿಯ ಮೇಲಿಟ್ಟ. ಕಿವಿ ಹರಿದುಹೋಗುವಂತೆ ಅರಚಿತು. ಸಿಗ್ನಲ್ ಪೂರ್ತಿ ಇದೆ ಎಂಬುದನ್ನೂ ನೋಡಿದ. ಹೊರಗೆ ಬಂದು ಚರ್ಮ ಹೊದಿಸಿದ ಗೇಣುದಪ್ಪದ ಬಾಗಿಲನ್ನು ನೂಕಿದ. ಬಾಗಿಲು ಮುಚ್ಚಿಕೊಂಡಿತು, ಅಲಾರಮ್ಮಿನ ಸದ್ದು ನಿಂತುಹೋಯಿತು.

ಗಡಿಯಾರ ನೋಡಿದ. ನಾಲ್ಕಕ್ಕೆ ಮೂರು ನಿಮಿಷ.

ಬಾಗಿಲಿಗೆ ಕಿವಿ ಒತ್ತಿ ನಿಂತ. ಚರ್ಮ ತಣ್ಣಗಿತ್ತು. ಎರಡು ಲೋಟ ತೆಗೀತೀನಿ ಕಣೇ, ಅಂದ. ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಪರವಾಗಿಲ್ಲ, ಹೇಳಬಹುದಾದ ಮಾತೇ ಅದು. ಹೇಳಿದರೆ ಅವಳು ನಕ್ಕರೂ ನಕ್ಕಾಳು, ಅತ್ತರೂ ಅತ್ತಾಳು. ಬರುತ್ತಾಳೆ ಮಾತ್ರ. ಬಾಗಿಲ ಹಿಡಿ ಅವನ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇತ್ತು. ಕೈಯಲ್ಲಿ ಫಾರಮ್ಮಿತ್ತು.

ನಾಲ್ಕಾಯಿತು.

ನಾಲ್ಕೂ ಎರಡಾಯಿತು.

"ಏನಾದ್ರೂ ಕೇಳಿಸ್ತಿದೆಯಾ ಸಾರ್?"

"ಇಲ್ಲ."

"ತೆಗೀಲಾ ಹಾಗಾದ್ರೆ?"

"ಹತ್ತು ನಿಮಿಷ ಆಗ್ಬೇಕು," ಎಂದ. "ನಿಯಮ."

ಬ್ರೋಕರ್ ಆಕಳಿಸಿ ಮೆಟ್ಟಿಲ ಮೇಲೆ ಕೂತ. ಅವನು ಕಿವಿಯನ್ನು ಇನ್ನಷ್ಟು ಒತ್ತಿ ಹಿಡಿದು, ಉಸಿರು ಬಿಗಿಹಿಡಿದು, ಇಪ್ಪತ್ತೊಂದು ವರ್ಷದಲ್ಲಿ ಯಾವ ಮನೆಯಲ್ಲೂ ಆಲಿಸದಷ್ಟು ಶ್ರದ್ಧೆಯಿಂದ ಆಲಿಸಿದ. ಆಮೇಲೆ, ಕಿವಿ ತೆಗೆಯದೆಯೇ, ಫಾರಮ್ಮನ್ನು ಬಾಗಿಲಿಗೆ ಆನಿಸಿಕೊಂಡು ಬರೆದ: ಒಳಗಿನ ಸದ್ದು ಹೊರಗೆ ಬರುವುದಿಲ್ಲ. ದೋಷ ಕಂಡುಬಂದಿಲ್ಲ.