ಮಧ್ಯಾಹ್ನದ ಸಕ್ಕರೆ

ನನ್ನ ತಂಗಿ ಬೇಕರಿಯಲ್ಲಿ ಕೇಕಿನ ಮೇಲೆ ಕ್ರೀಮಿನ ಹೂ ಬಿಡಿಸುತ್ತಾಳೆ. ಅಂಥವಳಿಗೆ ಏಳನೇ ತಿಂಗಳಲ್ಲಿ ಬಸಿರಿನ ಸಕ್ಕರೆ ಕಾಯಿಲೆ ಬಂತು ಅಂದರೆ ನಗುವವರಿಗೆ ಬರವೇ? ನಾನೂ ನಕ್ಕೆ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ಜನರ ಬೆರಳು ಚುಚ್ಚುತ್ತಿದ್ದೇನೆ. ಇಂಥ ಸುದ್ದಿಗೆ ಗಾಬರಿಯಾಗುವುದನ್ನು ಬಿಟ್ಟು ಬಹಳ ಕಾಲವಾಯಿತು.

ಅವಳಿಗೆ ಬೇಕಿದ್ದದ್ದು ಒಂದೇ. ನೋವು ತಾನಾಗಿ ಬರಬೇಕು, ಕೈಗೆ ಡ್ರಿಪ್ಪಿಲ್ಲದೆ ಓಡಾಡಿಕೊಂಡು ಹೆರಬೇಕು. ನನ್ನ ಎರಡು ಮಕ್ಕಳೂ ಹೊಟ್ಟೆ ಕುಯ್ದೇ ಹೊರಬಂದವರು, ಹಾಗಾಗಿ ನನಗೆ ಇದು ಚಿಕ್ಕವಳ ಹಟದಂತೆ ಕಂಡಿತು. ಡಾಕ್ಟರು ಮಾತ್ರ ಒಪ್ಪಿದರು.

"ಸಕ್ಕರೆ ಹತೋಟಿಯಲ್ಲಿದ್ರೆ ನಾನು ಕಾಯ್ತೀನಿ. ಇಲ್ಲಾಂದ್ರೆ ಇನ್ಸುಲಿನ್ನು, ಮೂವತ್ತೆಂಟನೇ ವಾರಕ್ಕೆ ನಾವೇ ನೋವು ಬರಿಸೋದು."

ಬೆರಳು ಚುಚ್ಚಿ ನೋಡುವ ಮೀಟರನ್ನು ಕೊಟ್ಟವಳೂ ನಾನೇ, ಕಲಿಸಿದವಳೂ ನಾನೇ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಆಮೇಲೆ ಪ್ರತಿ ಊಟವಾಗಿ ಎರಡು ಗಂಟೆಯಾದ ಮೇಲೆ ಒಮ್ಮೆ.

"ಪ್ರತಿ ಸಲ ಕೈ ತೊಳೀಬೇಕಾ ಅಕ್ಕಾ? ಬೇಕರೀಲಿ ನಲ್ಲಿ ಇರೋದು ಹಿಂದಿನ ಅಂಗಳದಲ್ಲಿ."

"ಬೇಡ. ಸ್ಪಿರಿಟ್ ಹತ್ತೀಲಿ ಒರೆಸು, ಸಾಕು. ನಾವು ಲ್ಯಾಬಲ್ಲಿ ಮಾಡೋದೂ ಅಷ್ಟೇ."

ಬೆಳಗಿನ ಲೆಕ್ಕ ಎಂಬತ್ತಾರು, ತಿಂಡಿಯ ನಂತರ ನೂರಾಹತ್ತು, ರಾತ್ರಿಯದ್ದೂ ಅಷ್ಟೇ. ಚೊಕ್ಕ. ಬೇಕರಿಯಲ್ಲಿ ನೋಡಿಕೊಳ್ಳುವ ಮಧ್ಯಾಹ್ನದ್ದು ಮಾತ್ರ ನೂರಾ ಎಂಬತ್ತೇಳು, ಇನ್ನೂರಾ ನಾಲ್ಕು. ನನಗೆ ಯೋಚಿಸುವ ಅಗತ್ಯವೇ ಕಾಣಲಿಲ್ಲ. ಎದುರಿಗೆ ಕೇಕು, ಕೈಯಲ್ಲಿ ಕ್ರೀಮು, ಇನ್ನೇನು ಬೇಕು?

"ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರೆ ಲೋಕಕ್ಕೆ ಗೊತ್ತಾಗಲ್ವಾ?" ಎಂದೆ.

"ನಾನು ತಿಂದಿಲ್ಲ ಅಕ್ಕಾ."

"ಮೀಟರಿಗೆ ನಿನ್ನ ಮೇಲೆ ದ್ವೇಷನಾ ಹಾಗಾದ್ರೆ?"

ಅಷ್ಟಕ್ಕೇ ಬಿಡಲಿಲ್ಲ. ಅಮ್ಮನಿಗೂ ಹೇಳಿದೆ. ಅಮ್ಮ ಫೋನಿನಲ್ಲಿ ಅವಳಿಗೆ ಒಂದು ಗಂಟೆ ಬುದ್ಧಿ ಹೇಳಿದಳಂತೆ. ಅಂದಿನಿಂದ ತಂಗಿ ವಾದಿಸುವುದನ್ನು ಬಿಟ್ಟಳು. ಮಧ್ಯಾಹ್ನದ ಊಟದ ಡಬ್ಬಿ ಮೊದಲು ಅರ್ಧವಾಯಿತು, ಆಮೇಲೆ ಒಂದು ಮೊಟ್ಟೆ ಮತ್ತು ನಾಲ್ಕು ಹೋಳು ಸೌತೆಕಾಯಿಗೆ ಬಂತು. ಬೆಳಗಿನ, ರಾತ್ರಿಯ ಊಟವನ್ನೂ ಹೆದರಿ ಹೆದರಿ ಕಡಿಮೆ ಮಾಡಿದಳು. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಮೂರು ವಾರ ಕಳೆದರೂ ಮಧ್ಯಾಹ್ನದ ಅಂಕಿ ಇಳಿಯಲಿಲ್ಲ.

ಡಾಕ್ಟರಿಗೆ ಈ ಲೆಕ್ಕದ ಪುಸ್ತಕ ತೋರಿಸಬೇಕಿದ್ದ ಮೂವತ್ತಾರನೇ ವಾರದ ಸ್ಕ್ಯಾನಿನ ಹಿಂದಿನ ದಿನ ನನಗೆ ರಜೆ ಇತ್ತು. ಕದ್ದು ತಿನ್ನುವಾಗಲೇ ಹಿಡಿಯೋಣ ಎಂದು ಹೇಳದೆ ಕೇಳದೆ ಬೇಕರಿಗೆ ಹೋದೆ.

ಅವಳು ಹಿಟ್ಟಿನಷ್ಟು ನುಣ್ಣಗಿನ ಸಕ್ಕರೆ ಪುಡಿಯನ್ನು ಜರಡಿ ಹಿಡಿಯುತ್ತಿದ್ದಳು. ಮೇಜು ಬೆಳ್ಳಗೆ, ಮೊಣಕೈವರೆಗೆ ಅವಳೂ ಬೆಳ್ಳಗೆ. ಮೊಬೈಲಿನಲ್ಲಿ ಅಲಾರಾಂ ಹೊಡೆಯಿತು. ಜರಡಿ ಕೆಳಗಿಟ್ಟು ಏಪ್ರನ್ನಿಗೆ ಕೈ ಒರೆಸಿ, ಹತ್ತಿಯನ್ನು ಬೆರಳಿಗೆ ಒಮ್ಮೆ ತಾಗಿಸಿ ಚುಚ್ಚಿದಳು. ಇನ್ನೂರಾ ಹದಿಮೂರು. ನನ್ನ ಮುಖವನ್ನೂ ನೋಡದೆ ಪುಸ್ತಕದಲ್ಲಿ ಬರೆದಳು.

ನಾನು ಅವಳ ಬೆರಳುಗಳನ್ನು ನೋಡಿದೆ, ಉಗುರಿನ ಸಂದಿಯಲ್ಲಿ ಇನ್ನೂ ಬಿಳಿ ಪುಡಿ. ಅವಳನ್ನು ಅಂಗಳದ ನಲ್ಲಿಗೆ ಕರೆದುಕೊಂಡು ಹೋಗಿ, ಸೋಪು ಹಾಕಿ ನಾನೇ ಕೈ ತೊಳೆಸಿ, ಒಣಗಿಸಿ, ಬೇರೆ ಬೆರಳು ಚುಚ್ಚಿದೆ. ತೊಂಬತ್ತೆಂಟು.

ಸಕ್ಕರೆ ರಕ್ತದಲ್ಲಿರಲಿಲ್ಲ, ಬೆರಳಿನ ಮೇಲಿತ್ತು. ಸ್ಪಿರಿಟ್ಟು ಕ್ರಿಮಿಯನ್ನು ಕೊಲ್ಲುತ್ತದೆ, ಆದರೆ ಒಂದು ಸಲ ಸವರಿದರೆ ಸಕ್ಕರೆ ಹೋಗುವುದಿಲ್ಲ. ಲ್ಯಾಬಿಗೆ ಬರುವವರು ಸಕ್ಕರೆ ಜರಡಿ ಹಿಡಿದು ಬರುವುದಿಲ್ಲವಲ್ಲ, ಹದಿನಾಲ್ಕು ವರ್ಷ ನನಗೆ ಅದು ಹೊಳೆಯುವ ಸಂದರ್ಭವೇ ಬಂದಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ಮರುದಿನ ಡಾಕ್ಟರಿಗೆ ಎಲ್ಲವನ್ನೂ ವಿವರಿಸಿದೆ. "ಇನ್ಸುಲಿನ್ ಬೇಡ" ಎಂದು ಅವರು ಸ್ಕ್ಯಾನಿನ ಹಾಳೆ ನೋಡಿದರು, ಮತ್ತೊಮ್ಮೆ ನೋಡಿದರು. "ಮಗು ಮಾತ್ರ ಬೆಳೀತಾ ಇಲ್ಲ. ಚೆನ್ನಾಗಿ ಊಟ ಮಾಡಮ್ಮ. ಎರಡು ವಾರ ನೋಡೋಣ."

ಎರಡು ವಾರ ಅವಳು ತಿಂದಳು. ನಾನೇ ದಿನಾ ಡಬ್ಬಿ ಕಟ್ಟಿಕೊಟ್ಟೆ. ಮಗು ಬೆಳೆದದ್ದು ಸಾಲಲಿಲ್ಲ. ಊಟ ಕಡಿಮೆಯಾದದ್ದರಿಂದಲೇ ಹೀಗಾಯಿತೇ ಎಂದು ಕೇಳಿದೆ. ಇರಬಹುದು, ಹೇಳಲಾಗದು ಎಂದರು ಡಾಕ್ಟರು. ಒಳಗಿಡುವುದಕ್ಕಿಂತ ಹೊರಗೆ ತರುವುದು ಕ್ಷೇಮ ಎಂದೂ ಹೇಳಿದರು. ಮೂವತ್ತೆಂಟನೇ ವಾರದ ಮೊದಲ ದಿನ ಬೆಳಗ್ಗೆ ಅವಳ ಎಡಗೈಗೆ ಡ್ರಿಪ್ಪು ಹಾಕಿ ನೋವು ಬರಿಸಲು ಶುರುಮಾಡಿದರು.

ಅವಳು ಅಳಲಿಲ್ಲ. ಹನಿ ಬೀಳುವುದನ್ನು ನೋಡುತ್ತಾ ಮಲಗಿದ್ದವಳು ನನ್ನ ಕಡೆ ತಿರುಗಿದಳು.

"ಅಕ್ಕಾ, ನಾನು ಕದ್ದು ತಿಂದಿಲ್ಲ ಅಂತ ಅಮ್ಮಂಗೆ ಹೇಳ್ತೀಯಾ?"

ಅಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಹೋಗಿ ಹೇಳಿದೆ. ಕೈ ತೊಳೆಯುವುದು ಬೇಡ ಅಂದದ್ದು ನಾನು, ಚಾಡಿ ಹೇಳಿದ್ದೂ ನಾನು ಎಂದೆ. ಬೈಗುಳಕ್ಕೆ ಕಾದು ನಿಂತೆ.

"ಇದನ್ನ ಅವಳ ಹತ್ರ ಹೇಳಿದ್ಯಾ?" ಎಂದಳು ಅಮ್ಮ.

ಡಾಕ್ಟರಿಗೆ ಹೇಳಿದ್ದೆ. ಲ್ಯಾಬಿನಲ್ಲಿ ಎಲ್ಲರಿಗೂ ಹೇಳಿ, ಹೊಸಬರಿಗೆ ಪಾಠವನ್ನೂ ಮಾಡಿದ್ದೆ. ಅವಳಿಗೆ ಮಾತ್ರ ಡಬ್ಬಿ ಕಟ್ಟಿಕೊಟ್ಟಿದ್ದೆ. ಅಷ್ಟೇ.

ಒಳಗೆ ಹೋದೆ. ಅವಳು ಮಂಚದ ಕಂಬಿ ಹಿಡಿದು ಹಲ್ಲು ಕಚ್ಚಿಕೊಂಡಿದ್ದಳು.

"ತಪ್ಪು ನಂದು," ಎಂದೆ. "ನೀನು ಸುಳ್ಳು ಹೇಳಿರಲಿಲ್ಲ."

"ಅಯ್ಯೋ, ಆಮೇಲೆ ಹೇಳಕ್ಕಾ, ನೋವು ಬರ್ತಾ ಇದೆ."

ಅವಳ ಕೈಯನ್ನು ಕಂಬಿಯಿಂದ ಬಿಡಿಸಿ ನನ್ನ ಕೈಗೆ ತೆಗೆದುಕೊಂಡು, ಅದನ್ನೇ ಇನ್ನೊಂದು ಸಲ ಹೇಳಿದೆ.