ಮಡಿವಾಳೆಪ್ಪನ ತಲೆಯಿಂದ ಶಕ್ತಿ ಇಳಿದದ್ದು

ಬೈಲಹೊಂಗಲದ ಹತ್ತಿ ವ್ಯಾಪಾರಿ ಮಡಿವಾಳೆಪ್ಪನಿಗೆ ಧ್ಯಾನದ ಹುಚ್ಚು ಹಿಡಿದದ್ದು ಮುರಗೋಡದಲ್ಲಿ ಒಂದು ಪ್ರವಚನ ಕೇಳಿ ಬಂದ ಮೇಲೆ. ಪ್ರವಚನ ಹೇಳಿದವರ ತಪ್ಪೇನೂ ಇಲ್ಲ. ದಿನಕ್ಕೆ ಒಂದಿಷ್ಟು ಹೊತ್ತು ಸುಮ್ಮನೆ ಕುಳಿತುಕೊಳ್ಳಿ ಎಂದಿದ್ದರು, ಅಷ್ಟೇ. ಆದರೆ ಮಡಿವಾಳೆಪ್ಪ ಯಾವುದನ್ನೂ ಒಂದಿಷ್ಟು ಮಾಡಿದವನಲ್ಲ. ನಸುಕಿನಿಂದ ಮಧ್ಯಾಹ್ನದವರೆಗೆ ಉಸಿರು ಬಿಗಿಹಿಡಿದು ಕುಳಿತ. ರೊಟ್ಟಿ ಬಿಟ್ಟು ಬರೀ ಬಾಳೆಹಣ್ಣು ತಿಂದ. ಸುಗ್ಗಿ ಮುಗಿಯುವ ಹೊತ್ತಿಗೆ ತಲೆ ಕಾದ ಹಂಚಾಗಿತ್ತು, ಕಿವಿ ಗುಂಯ್ ಎನ್ನುತ್ತಿತ್ತು, ನಿದ್ದೆ ಹಾರಿಹೋಗಿತ್ತು.

ಬೇರೆ ಯಾರಾದರೂ ಆಗಿದ್ದರೆ ನೆತ್ತಿಗೆ ಹರಳೆಣ್ಣೆ ಒತ್ತಿಸಿಕೊಂಡು ಮಲಗುತ್ತಿದ್ದರು. ಈತ ಪೇಟೆಗೆ ಹೋಗಿ, "ಶಕ್ತಿ ಮ್ಯಾಲೆ ಏರೇತ್ರಿ, ಕೆಳಗ ಇಳಿವಲ್ದು," ಎಂದು ಅಂಗಡಿ ಅಂಗಡಿಗೂ ಹೇಳಿ ಬಂದ. ಜನ ಎದ್ದು ನಿಂತು ಜಾಗ ಬಿಡತೊಡಗಿದರು. ಆ ಜಾಗದ ರುಚಿ ಹತ್ತಿದ ಮೇಲೆ ತಲೆಯ ಕಾವು ಇನ್ನೂ ಏರಿತು. ಬಗ್ಗದೆ ಉಳಿದವನು ಒಬ್ಬನೇ, ಎದುರಂಗಡಿಯ ಯಮನಪ್ಪ. ಮಡಿವಾಳೆಪ್ಪನ ಹತ್ತಿಯನ್ನು ವರ್ಷವೂ ಕೊಳ್ಳುವವನು ಅವನೇ, ಅವನ ಮಾತನ್ನು ನಂಬದವನೂ ಅವನೇ.

ಮನೆಯಲ್ಲಿ ತಂಗೆವ್ವನಿಗೆ ಮಾತ್ರ ಜೀವ ಹಾರಿಹೋಗಿತ್ತು. ಗಂಡ ಕಣ್ಣೆದುರಿಗೇ ಸೊರಗುತ್ತಿದ್ದ. ಆಕೆ ಗರಡಿಯ ವಸ್ತಾದ ಅಮೋಘಸಿದ್ದಪ್ಪನನ್ನು ಕರೆಸಿದಳು. ಮುದುಕ ನಾಡಿ ಹಿಡಿದು ನೋಡಿ, "ಏರಿದ್ದಕ್ಕ ಮಣ್ಣ ಔಷಧ. ದಿನಾ ಮುಂಜಾನೆ ಬರಿಗಾಲಿಲೆ ನೇಗಲಾ ಹೊಡದ ಹೊಲಾ ತುಳೀರಿ. ಕಟಗಿ ಒಡೀರಿ. ರೊಟ್ಟಿ ಉಳ್ಳಾಗಡ್ಡಿ ತಿನ್ರಿ," ಎಂದ.

ಬರಿಗಾಲು! ಬೆಳಗಾವಿಯಿಂದ ತರಿಸಿದ ಹೊಸ ಮೆಟ್ಟು ಕಿರ್‌ಗುಟ್ಟಿಸುತ್ತ ಓಡಾಡುವ ಸಾವಕಾರ ಬರಿಗಾಲಲ್ಲಿ ನಡೆಯುವುದೆಂದರೇನು? ತನ್ನ ಬದಲು ಆಳು ಕಾಡಪ್ಪನನ್ನು ಕಳಿಸಿದ. ಕಾಡಪ್ಪ ದಿನವೂ ಯಜಮಾನನ ಶಕ್ತಿ ಇಳಿಸಲು ಹೊಲ ತುಳಿದ. ಒಳ್ಳೆಯ ನಿದ್ದೆ ಬಂತು, ಕಾಡಪ್ಪನಿಗೆ.

ಇದನ್ನು ಕೇಳಿದ ವಸ್ತಾದ ನಗಲಿಲ್ಲ. "ಹಂಗಾರ ಕುಣ್ಯಾಗ ಕುಂದರ್ರಿ. ಎದಿಮಟ ಹಸಿ ಮಣ್ಣು, ಹೊತ್ತು ನೆತ್ತಿಗೆ ಬರೂಮಟ. ಇದಕ್ಕ ಬದಲಿ ಮಂದಿ ನಡಿಯೂದಿಲ್ಲ," ಎಂದು ಹೇಳಿ ಸವದತ್ತಿಯ ಕುಸ್ತಿಗೆ ಹೊರಟುಹೋದ.

ಹೊಲದಲ್ಲಿ ಕುಣಿ ತೋಡುವ ಕೆಲಸ ಕಾಡಪ್ಪನಿಗೇ ಬಂತು. ನಮ್ಮ ಕಡೆ ಶಿವಭಕ್ತರನ್ನು ಮಣ್ಣಿಗೆ ಕೊಡುವುದು ಕುಳ್ಳಿರಿಸಿಯೇ. ಊರಿನಲ್ಲಿ ಯಾರು ಲಿಂಗೈಕ್ಯರಾದರೂ ಆ ಕುಣಿ ತೋಡುವವನು ಕಾಡಪ್ಪ. ಅವನ ಕೈಗೆ ಗೊತ್ತಿದ್ದದ್ದು ಅದೊಂದೇ ಅಳತೆ. ಇಳಿಯಲು ಮೆಟ್ಟಿಲು ಬಿಟ್ಟ, ಗೋಡೆಯಲ್ಲಿ ದೀಪದ ಗೂಡು ಕೊರೆದ. ಮಡಿವಾಳೆಪ್ಪನಿಗೆ ಅದು ತನ್ನ ಘನತೆಗೆ ತಕ್ಕಂತೆ ಕಂಡಿತು. ಮೆಟ್ಟು ದಂಡೆಯಲ್ಲಿ ಬಿಟ್ಟು, ಹಣೆತುಂಬ ವಿಭೂತಿ ಬಳಿದು, ಕೊರಳಿಗೆ ಹಾರ ಹಾಕಿಕೊಂಡು ಪದ್ಮಾಸನದಲ್ಲಿ ಕುಳಿತ. ಕಾಡಪ್ಪ ಕೈ ಎರಡೂ ಹೊರಗೆ ಬಿಟ್ಟು ಎದೆಯವರೆಗೆ ಮಣ್ಣೆಳೆದು ಎತ್ತಿಗೆ ನೀರು ಕುಡಿಸಲು ಹೋದ.

ಕೂಲಿಗೆ ಹೊರಟಿದ್ದ ಸಂಪಗಾಂವದ ಹೆಂಗಸರು ಇದನ್ನು ಕಂಡರು. ಮೆಟ್ಟಿಲಿದ್ದ ಕುಣಿ, ಗೂಡು, ವಿಭೂತಿ, ಕಣ್ಣು ಮುಚ್ಚಿ ಕುಳಿತ ಮನುಷ್ಯ. ಇನ್ನು ಕೇಳುವುದೇನಿದೆ? ಅಡ್ಡಬಿದ್ದು ಊರಿಗೆ ಓಡಿದರು. ನೋಡುನೋಡುತ್ತ ಹೊಲ ತುಂಬಿತು. ಭಜನೆಯವರು ಬಂದರು, ತೆಂಗಿನಕಾಯಿ ಬಂತು, ಬಿಲ್ವಪತ್ರಿ ಬಂತು. ಸಾವಕಾರರು ಜೀವಂತ ಸಮಾಧಿ ತಗೊಳ್ಳಾಕತ್ತಾರ ಎಂಬ ಮಾತು ಮುನವಳ್ಳಿ ದಾರಿ ಹಿಡಿಯಿತು.

ಆಗಲೇ ಬಾಯಿ ಬಿಟ್ಟು, ಇದು ತಲೆಯ ಕಾವಿಗೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಬಾಯಿ ತೆರೆದಿದ್ದ ಕೂಡ. ಅಷ್ಟರಲ್ಲಿ ಯಮನಪ್ಪ ಬಂದ. ಬಂದವನೇ ಉದ್ದಕ್ಕೆ ಬಿದ್ದು ನಮಸ್ಕರಿಸಿದ. "ಇಷ್ಟ ದಿನಾ ನಿಮ್ಮ ಮ್ಯಾಲೆ ಸಂಶಾ ಪಟ್ಟಿದ್ನಿರಿ, ತಪ್ಪಾತು," ಎಂದು ಅತ್ತ. ದಂಡೆಯಲ್ಲಿದ್ದ ಮೆಟ್ಟುಗಳನ್ನು ಎತ್ತಿ ಪಾದುಕೆಯೆಂದು ತಲೆಯ ಮೇಲೆ ಇಟ್ಟುಕೊಂಡ. ಮಡಿವಾಳೆಪ್ಪನಿಗೆ ಜನ್ಮ ಸಾರ್ಥಕವಾದಂತಾಯಿತು. ತೆರೆದ ಬಾಯಿ ಮುಚ್ಚಿ, ಕೈಯೆತ್ತಿ ಆಶೀರ್ವಾದ ಮಾಡಿದ. ವಿನಾಶಕಾಲಕ್ಕೆ ವಿಪರೀತ ಬುದ್ಧಿ.

ಸಮಾಧಿಯ ಮೇಲೆ ಗದ್ದುಗೆ ಕಟ್ಟಲು ರಾಮದುರ್ಗದಿಂದ ಕಲ್ಲುಕುಟಿಗರನ್ನು ಕರೆಸುವ ಮಾತು ನಡೆಯಿತು. ಆಮೇಲೆ ಭಕ್ತರು ಸಾಲಾಗಿ ಬಂದು ಒಂದೊಂದು ಹಿಡಿ ಮಣ್ಣು ಹಾಕತೊಡಗಿದರು. ಭಕ್ತಿ ದೊಡ್ಡದಿದ್ದವರು ಬುಟ್ಟಿಯಲ್ಲೇ ತಂದರು. ಮಣ್ಣು ಹೆಗಲಿಗೆ ಬಂದಾಗ ಮಡಿವಾಳೆಪ್ಪ ಬೆದರಿ ಕೈ ಬೀಸಿದ. ಜನ ಆ ಕೈಗಳಿಗೂ ನಮಸ್ಕರಿಸಿ, ಕೊರಳ ಕೆಳಗೆ ಜೋಡಿಸಿ, ಮುಚ್ಚಿದರು.

"ನನಗ ಸಮಾಧಿ ಬ್ಯಾಡ್ರೋ. ತಲಿ ಕಾದಿತ್ತು, ಅಷ್ಟ," ಎಂದ.

"ಮಹಾತ್ಮರು ನಮ್ಮ ಪರೀಕ್ಷಾ ಮಾಡಾಕತ್ತಾರ," ಎಂದು ಯಮನಪ್ಪ ಇನ್ನೊಂದು ಬುಟ್ಟಿ ಸುರಿದ.

ಓಡಿ ಬಂದ ಕಾಡಪ್ಪ ನಿಜ ಹೇಳಿದ. ಗೂಡು ಕೊರೆದವನು ನೀನೇ ಅಲ್ಲವೇ ಎಂದು ಜನ ಅವನನ್ನು ಬದಿಗೆ ತಳ್ಳಿದರು.

ಅದೇ ಹೊತ್ತಿಗೆ ತಂಗೆವ್ವ ಬುತ್ತಿ ಹೊತ್ತು ಬಂದಳು. ಬದುವಿನ ಮೇಲೆ ನಿಂತು ನೋಡಿದರೆ, ಮಣ್ಣಿನ ಮೇಲೆ ಗಂಡನ ತಲೆಯೊಂದೇ ಇತ್ತು. ಆಕೆಗೆ ಕೂಗಿಕೊಳ್ಳುವಷ್ಟು ಹೆದರಿಕೆಯಾಯಿತು. ಕೂಗಿದರೆ ಹೆಂಡತಿಯ ಮಾಯೆ ಎಂದು ಎಳೆದು ಹಾಕುತ್ತಾರೆಂಬುದೂ ಗೊತ್ತಿತ್ತು. ಕಡೆಯ ದರ್ಶನಕ್ಕೆಂಬಂತೆ ಕುಣಿಯ ಮೆಟ್ಟಿಲಿಳಿದು ಬಾಗಿ ಅವನ ಕಿವಿಗೆ ಬಾಯಿಟ್ಟಳು.

"ಹತ್ತಿ ಮಾತು ಹೇಳ್ರಿ."

ಮಡಿವಾಳೆಪ್ಪನ ಮುಖ ಬಿಳಿಚಿತು. "ಯಮನಪ್ಪನ ಮುಂದ ಹ್ಯಾಂಗ ಹೇಳ್ಲಿ? ಮಾನಾ ಹೋಗತೈತಿ."

"ಮಣ್ಣು ಬಾಯಿಗೆ ಬಂದ ಮ್ಯಾಲೆ ಹೇಳಾಕ ಬಾಯರ ಎಲ್ಲಿರತೈತಿ? ನನಗ ಗದ್ದಿಗಿ ಬ್ಯಾಡ್ರಿ. ನೀವು ಬೇಕು."

ಅವನು ಯಮನಪ್ಪನ ತಲೆಯ ಮೇಲಿದ್ದ ತನ್ನ ಮೆಟ್ಟುಗಳನ್ನು ನೋಡಿದ. ಜನ್ಮದಲ್ಲಿ ಅಂಥ ಮರ್ಯಾದೆ ಮತ್ತೆ ಸಿಗುವಂತಿರಲಿಲ್ಲ. ಗದ್ದಕ್ಕೆ ಇನ್ನೊಂದು ಹಿಡಿ ಮಣ್ಣು ಬಿತ್ತು. ಕಣ್ಣು ಮುಚ್ಚಿಕೊಂಡು ಹೇಳಿದ:

"ಯಮನಪ್ಪ, ನಿಮಗ ಕೊಟ್ಟ ಹತ್ತಿ ಮೂಟಿಗೆ ನೀರು ಹೊಡಿಸಿದ್ನಿ. ತೂಕಕ್ಕ. ಈ ವರ್ಷಷ್ಟ ಅಲ್ಲ."

ತಾಳ ನಿಂತಿತು. ಇದು ಪರೀಕ್ಷೆಯೆಂದು ಯಾರೂ ಅನ್ನಲಿಲ್ಲ, ಯಾಕೆಂದರೆ ಯಮನಪ್ಪನಿಗೆ ತನ್ನ ಗೋದಾಮಿನ ಬೂಸಲು ಹಿಡಿದ ಹತ್ತಿ ನೆನಪಿತ್ತು. ತಲೆಯ ಮೇಲಿದ್ದ ಮೆಟ್ಟು ಕೈಗೆ ಬಂತು. ಮತ್ತೆ ಅದನ್ನೂ ಎಸೆದು ಕುಣಿಗಿಳಿದ. ಮಹಾತ್ಮನನ್ನು ಹೂಳಲು ಇಡೀ ಸೀಮೆ ಬೇಕಾಗಿತ್ತು. ಕಳ್ಳನನ್ನು ಎತ್ತಲು ಯಮನಪ್ಪ ಒಬ್ಬನೇ ಸಾಕಾದ. ಎರಡೂ ಕೈಯಿಂದ ಮಣ್ಣು ತೋಡಿ, ಹಾರ ಹಿಡಿದು ಮಡಿವಾಳೆಪ್ಪನನ್ನು ಮೇಲಕ್ಕೆ ಎಳೆದ. ಹೊಡೆಯಲು ಕೈ ಎತ್ತಿದಾಗ ತಂಗೆವ್ವ ನಡುವೆ ನಿಂತಳು.

"ಹತ್ತಿ ನಾವು ತಿರುಗಿ ಒಯ್ತೇವ್ರಿ ಅಣ್ಣಾರ. ಈಗ ಇವರ್ನ ಬಿಡ್ರಿ. ಹಸದಾರ."

ಜನ ಕಾಯಿ, ಬಿಲ್ವಪತ್ರಿ ಎತ್ತಿಕೊಂಡು ಹೊರಟರು. ಕೆಲವರಿಗೆ ಗದ್ದುಗೆ ತಪ್ಪಿದ ಬೇಸರ ಸಿಟ್ಟಿಗಿಂತ ಹೆಚ್ಚಾಗಿತ್ತು. ಮೆಟ್ಟು ಯಾರ ಕಾಲಿಗೆ ಹೋದವೋ, ಕೇಳುವ ಮುಖ ಮಡಿವಾಳೆಪ್ಪನಿಗೆ ಉಳಿದಿರಲಿಲ್ಲ. ಬರಿಗಾಲಲ್ಲಿ ಎರೆಮಣ್ಣು ತುಳಿಯುತ್ತ ಬೇವಿನ ನೆರಳಿಗೆ ಬಂದು ಕುಳಿತ. ಬುತ್ತಿಯಲ್ಲಿದ್ದ ರೊಟ್ಟಿ, ಉಳ್ಳಾಗಡ್ಡಿ ತಿಂದ. ತಿಂದು ನೆತ್ತಿ ಮುಟ್ಟಿ ನೋಡಿಕೊಂಡ.

"ತಣ್ಣಗಾಗೇತಿ," ಎಂದ.

ಅಷ್ಟು ಹೊತ್ತು ತಡೆದಿದ್ದ ತಂಗೆವ್ವ ಆಗ ಅತ್ತಳು. ಅವನು ಅಲ್ಲೇ ನೆಲದ ಮೇಲೆ ಉರುಳಿ ಗೊರಕೆ ಹೊಡೆಯತೊಡಗಿದ.

ಕಾಡಪ್ಪ ಸಲಿಕೆ ಹಿಡಿದು ಬಂದು, ಕುಣಿ ಮುಚ್ಚಲೇನ್ರಿ ಎಂದು ಕೇಳಿದ. ತಂಗೆವ್ವ ಕಣ್ಣೊರೆಸಿಕೊಂಡು ಗಂಡನನ್ನೊಮ್ಮೆ ನೋಡಿದಳು.

"ಇರಲಿ ಬಿಡಪಾ," ಎಂದಳು. "ಮಲಗಿ ಎದ್ದ ಮ್ಯಾಲೆ ತಲಿ ಮುಟ್ಟಿ ನೋಡೂಣು."